ಹುಟ್ಟುಹಬ್ಬಕ್ಕೆ ನೀನು ತಂದ ಹಸಿರು ಟೇಪು

ಜಗಳೂರು
ನವೆಂಬರ್ ೧೯೮೭

ದುರುಗಮ್ಮಾ,

ಮೊದಲು ದುರುಗಿ ಅಂತಲೇ ಬರೆದು ಹೊಡೆದು ಹಾಕಿದೆ. ಹಾಗೆ ಕರೆಯುವ ಸಲಿಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ಮಂಗಳಿ, ನ್ಯಾಮತಿಯ ಕಿರಾಣಿ ಅಂಗಡಿ ಬಸವರಾಜಪ್ಪನವರ ಮಗಳು. ಐದನೇ ಕ್ಲಾಸಿನಲ್ಲಿ ನಿನ್ನ ಪಕ್ಕ ಕೂತು ನಿನ್ನ ಲೆಕ್ಕ ನೋಡಿ ಬರೆಯುತ್ತಿದ್ದವಳು. ಈಗ ಇಲ್ಲಿ ಟೀಚರಾಗಿದ್ದೇನೆ. ಲೆಕ್ಕವನ್ನೇ ಕಲಿಸುತ್ತೇನೆ, ನಗಬೇಡ.

ಆ ವರ್ಷ ನಿನ್ನಪ್ಪ ಗಾದ್ರಪ್ಪ ತೀರಿಕೊಂಡಿದ್ದ. ಒಂದು ದಿನ ಬೋರಿಂಗ್ ಹತ್ತಿರ ನೀರು ಕುಡಿಯುವಾಗ ನೀನು, "ನಮ್ಮವ್ವ ಶಾಲೆ ಬಿಡಿಸ್ತಾಳಂತೆ ಕಣೇ, ಕೂಲಿಗೆ ಬಾ ಅಂತಾಳೆ" ಅಂದೆ. ನೀನಿಲ್ಲದೆ ನಾನು ಪಾಸಾಗುವುದಾದರೂ ಹೇಗೆ! ಮನೆಗೆ ಓಡಿಹೋಗಿ ಅಪ್ಪನಿಗೆ ಹೇಳಿದೆ. ನನ್ನ ಹುಟ್ಟುಹಬ್ಬಕ್ಕೆ ಯಾರೂ ಏನೂ ತರುವುದು ಬೇಡ, ಅದರ ಬದಲು ದುರುಗಿಯ ಓದಿಗೆ ಏನಾದರೂ ಕೊಡಲಿ ಅಂತ. ನಮ್ಮೂರಲ್ಲಿ ಆಗ ಹುಟ್ಟುಹಬ್ಬ ಮಾಡುವುದೇ ಹೊಸದು. ಅಪ್ಪ ಹಿಗ್ಗಿಹೋದರು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದೇ ಮಾತು: "ಮಗಳಿಗೆ ಏನೂ ತರಬ್ಯಾಡ್ರಿ. ಒಂದು ಬಡ ಹುಡುಗೀನ ಓದಿಸಾಕೆ ಏನಾದ್ರೂ ಕೊಡ್ರಿ."

ಊರಿಗೆಲ್ಲ ಗೊತ್ತಾಯಿತು. ನಿಮ್ಮ ಮನೆಗೆ ಮಾತ್ರ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. "ಹುಟ್ಟಿದಬ್ಬ ಐತೆ, ಊಟಕ್ಕೆ ಬಾರೇ" ಅಂದೆ, ಅಷ್ಟೇ. ನಿನಗೆ ಖುಷಿಯಾಗಲಿ ಅಂತ ಬಚ್ಚಿಟ್ಟುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನೀನು ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿಕೊಂಡು ಬಂದೆ. ಕೈಯಲ್ಲಿ ಜಡೆಗೆ ಕಟ್ಟುವ ಹಸಿರು ಟೇಪು. ಹೊಸದು, ಅಂಗಡಿ ಕಾಗದ ಸುತ್ತಿತ್ತು. ನಮ್ಮ ಶಂಕ್ರಮ್ಮತ್ತೆ ಬಾಗಿಲಲ್ಲೇ, "ಉಡುಗೊರೆ ತಗಳಂಗಿಲ್ಲ, ಇಲ್ಲಿ ಹಾಕು" ಅಂತ ಬುಟ್ಟಿ ತೋರಿಸಿದರು. ನೀನು ಹಾಕಿದೆ. ಆ ಬುಟ್ಟಿ ಯಾರಿಗೆ ಅಂತ ಇಟ್ಟದ್ದು, ನಿನಗೇನು ಗೊತ್ತು?

ಆಮೇಲೆ ನಿನ್ನ ಹೆಸರು ಕೂಗಿದರು. ಎಲ್ಲರ ನಡುವೆ ನೆಲದ ಮೇಲೆ ಕೂರಿಸಿ, ಲಂಗದ ಉಡಿ ಒಡ್ಡು ಅಂದರು. ಅತ್ತೆ ನಿನ್ನ ಮೈ ಸೋಕದಂತೆ ಮೊಳದೆತ್ತರದಿಂದ ಒಂದೊಂದೇ ಹಾಕಿದರು. ನೋಟ್‌ಬುಕ್ಕು, ಪೆನ್ಸಿಲ್ಲು, ಯಾರದೋ ಹಳೆಯ ಲಂಗ, ಚಿಲ್ಲರೆ. ಕೊನೆಗೆ ಆ ಹಸಿರು ಟೇಪೂ ಬಿತ್ತು. ನೀನು ನನಗೆ ತಂದದ್ದನ್ನು ನಿನಗೇ ದಾನ ಕೊಟ್ಟೆವು.

ನೀನು ತಲೆ ಎತ್ತಿ ನನ್ನ ಕಡೆ ನೋಡಿದೆ. ನಾನು ಹಾರ ಹಾಕಿಕೊಂಡು ಕುರ್ಚಿಯ ಮೇಲಿದ್ದೆ. "ಎಂಥಾ ಮನಸೈತೆ ಈ ಮಗೀದು" ಅಂತ ಯಾರೋ ನನ್ನ ಗಲ್ಲ ಸವರುತ್ತಿದ್ದರು. ಅದು ನನಗೆ ತಂದಿದ್ದು, ಕೊಡಿ ಅಂತ ಒಂದು ಮಾತು ಸಾಕಿತ್ತು. ಗೊತ್ತಿದ್ದೂ ಆಡಲಿಲ್ಲ, ದುರುಗಿ. ಹೊಗಳಿಕೆ ಅಷ್ಟು ಚೆನ್ನಾಗಿತ್ತು. ತಪ್ಪು ಅತ್ತೆಯದು, ಅಪ್ಪನದು ಎಂದು ಎಷ್ಟೋ ವರ್ಷ ಬೇರೆಯವರ ಮೇಲೆ ಹಾಕುತ್ತ ಬಂದೆ. ತಪ್ಪು ನನ್ನದು.

ನೀನು ಊಟಕ್ಕೆ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ನಿಮ್ಮವ್ವ ಅಜ್ಜಮ್ಮ ಎಲ್ಲವನ್ನೂ ಗಂಟು ಕಟ್ಟಿ ತಂದು ಅಂಗಡಿ ಕಟ್ಟೆಯ ಮೇಲಿಟ್ಟಳು. "ಸಾವ್ಕಾರ್ರೇ, ನನ್ ಮಗಳು ಗೆಳತಿ ಕರೆದ್ಲು ಅಂತ ಉಣ್ಣಾಕೆ ಬಂದಿದ್ಲು. ಬೇಡಾಕೆ ಬಂದಿರ್ಲಿಲ್ಲ." ಇಷ್ಟೇ ಹೇಳಿ ಹೋದಳು. ಒಳಗಿನಿಂದ ಅತ್ತೆ, "ಎಷ್ಟು ಸೊಕ್ಕು ನೋಡು" ಅಂದರು.

ಶಾಲೆಯಲ್ಲಿ ಹುಡುಗರು ನಿನ್ನನ್ನು ಕಂಡಾಗಲೆಲ್ಲ "ಇವತ್ತು ಯಾರದೇ ಹುಟ್ಟಿದಬ್ಬ?" ಅನ್ನತೊಡಗಿದರು. ಮೂರು ದಿನ ನೀನು ಸಹಿಸಿದೆ. ನಾಲ್ಕನೇ ದಿನದಿಂದ ನೀನು ಬರಲೇ ಇಲ್ಲ. ನಿನ್ನನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಹೋಗಿ ನಾನೇ ಬಿಡಿಸಿದೆ. ನಿಮ್ಮ ಕೇರಿ ನಮ್ಮ ಅಂಗಡಿಯಿಂದ ಎಷ್ಟು ದೂರ? ಒಂದು ದಿನವೂ ನಾನು ಬರಲಿಲ್ಲ. ನಾಚಿಕೆ ಅಂದುಕೊಂಡಿದ್ದೆ. ಹೇಡಿತನ ಅದು.

ಮೊನ್ನೆ ದೀಪಾವಳಿಗೆ ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡೆ. ಕಂಕುಳಲ್ಲಿ ಬುತ್ತಿಗಂಟು, ಪಕ್ಕದಲ್ಲಿ ಐದಾರು ವರ್ಷದ ಮಗಳು, ನಿನ್ನದೇ ಮೂಗು. ಓಡಿಬಂದು ಕೈ ಹಿಡಿದೆ. ನೀನು ಮೆಲ್ಲಗೆ ಬಿಡಿಸಿಕೊಂಡೆ. ಮಗು ಶಾಲೆಗೆ ಹೋಗುತ್ತಾಳಾ ಅಂತ ಕೇಳಿದೆ, ನೀನು ಹೂಂ ಅಂದೆ. ಪುಸ್ತಕ ಏನಾದರೂ ಬೇಕಾ ಅಂತ ನನ್ನ ಹಾಳು ಬಾಯಿಗೆ ಬಂದೇಬಿಟ್ಟಿತು. ನೀನು ಮಗಳನ್ನು ಹಿಂದಕ್ಕೆ ಸರಿಸಿಕೊಂಡು, "ಏನೂ ಬ್ಯಾಡ್ರೀ ಅಮ್ಮಾರೆ, ನಾನೇ ಕೊಡಿಸೀನಿ" ಅಂದೆ. ಬಸ್ಸು ಬಂತು, ನೀನು ಹತ್ತಿಬಿಟ್ಟೆ.

ಅಮ್ಮಾರೆ! ಲೆಕ್ಕ ತಪ್ಪಿದಾಗ ನನ್ನ ತಲೆಗೆ ಕುಟ್ಟಿ "ದಡ್ಡಿ, ನೋಡೇ ಇಲ್ಲಿ" ಅನ್ನುತ್ತಿದ್ದ ಬಾಯಿಂದ.

ಕ್ಷಮಿಸು ಅಂತ ಕೇಳುವುದಿಲ್ಲ. ಅದೂ ನಿನ್ನಿಂದ ಏನೋ ಪಡೆದುಕೊಂಡಂತೆಯೇ ಆಗುತ್ತದೆ. ಸಂಕ್ರಾಂತಿಗೆ ಬರುತ್ತೇನೆ, ಬರಿಗೈಯಲ್ಲಿ. ನಿಮ್ಮ ಬಾಗಿಲಲ್ಲಿ ನಿಲ್ಲುತ್ತೇನೆ. ಬಾಯಿಗೆ ಬಂದಂತೆ ಬೈಯಿ, ಕದ ಹಾಕು, ಓಣಿಯವರೆಲ್ಲ ನೋಡಲಿ. ಆದರೆ ನನಗೆ ರೀ ಅನ್ನಬೇಡ.

ನಿನ್ನ ಮಗಳು ನಿನ್ನಷ್ಟೇ ಜಾಣೆಯಾಗಲಿ, ನಿನಗಿಂತ ಹೆಚ್ಚು ಓದಲಿ.

ನಿನ್ನ ದಡ್ಡಿ,
ಮಂಗಳಿ