ಬೆಣ್ಣೆಯ ತಪ್ಪಲ್ಲ

ಅಥಣಿ ರಸ್ತೆ, ವಿಜಾಪುರ
೧೪-೮-೧೯೭೭

ಅವ್ವಗೆ ಮಲಕಾಜಪ್ಪನ ನಮಸ್ಕಾರಗಳು.

ನಿನ್ನ ಮೊಮ್ಮಗಳು ಗುರುಬಾಯಿಯ ರಕ್ತಪರೀಕ್ಷೆಯ ವರದಿ ಮುಂಬಯಿಯಿಂದ ಬಂದಿದೆ. ಕೊರಳಿನ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಕೊಡುತ್ತಿಲ್ಲವಂತೆ. ಮೈ ಬಂದದ್ದೂ, ಎರಡು ವರ್ಷದಿಂದ ಎತ್ತರ ಬೆಳೆಯದಿದ್ದದ್ದೂ ಅದಕ್ಕೇ. ದಿನಾ ಬೆಳಗ್ಗೆ ಒಂದು ಗುಳಿಗೆ ಕೊಡುತ್ತಿದ್ದೇವೆ.

ಅಜ್ಜಿ ತಿನಿಸಿದ ಬೆಣ್ಣೆಯಿಂದ ಹೀಗಾಯಿತೇ ಎಂದು ಕೇಳಿದೆ. ಡಾಕ್ಟರರು, "ಬೆಣ್ಣಿದೇನ್ ತಪ್ಪ್ರಿ? ಹುಡುಗಿ ಉಣ್ಣೂದ ಕಮ್ಮಿ ಐತಲ್ರಿ" ಎಂದರು.

ಗುರುಬಾಯಿ ನಿನ್ನನ್ನೇ ನೆನೆಸಿ, "ಆಯಿ ಬರೂತನಾ ಬೆಣ್ಣಿ ಒಲ್ಲೆ" ಅನ್ನುತ್ತಾಳೆ. ಸೋಮವಾರದ ಬಸ್ಸಿಗೆ ಬಾ.

ಪತ್ರ ಓದಿ ಹೇಳುವ ಯಲಗೂರಪ್ಪ ಮಾಸ್ತರರಲ್ಲಿ ಒಂದು ವಿನಂತಿ. "ನನ್ನ ಮಗಳನ್ನ ಕೆಡಿಸಿದಿ, ಇನ್ನ ಇಲ್ಲೇ ಬಿದ್ದಿರು" ಎಂದು ನಾನು ಅವ್ವನನ್ನು ಬೈದು ಬಿಟ್ಟುಹೋದದ್ದು ನಮ್ಮೂರು ಬಿಜ್ಜರಗಿಯ ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲರ ಮುಂದೆ. ಈ ಪತ್ರವನ್ನೂ ಅಲ್ಲೇ ನಿಂತು, ಜೋರಾಗಿ ಓದಿರಿ.

ನಿನ್ನ ಮಗ,
ಮಲಕಾಜಪ್ಪ