ಶೇಗಡಿಯ ಬೂದಿ ತೆಗೆದಿದ್ದೇನೆ

ತಮ್ಮಾ ಗುತ್ತೆಪ್ಪ,

ಚಿಕ್ಕೇರೂರಿನ ಗಾಡಿ ಬಾಗಿಲಿಗೆ ಬಂದಿದೆ. ಮಳೆ ತುಸು ಬಿಟ್ಟಾಗಲೇ ಹೊರಡಬೇಕು. ನೀನು ಮಲಗಿದ್ದೀಯೆಂದು ಎಬ್ಬಿಸಲಿಲ್ಲ.

ಇದ್ದಿಲಿನ ಶೇಗಡಿಗೆ ಬೋರಲು ಹಾಕಿದ ಬುಟ್ಟಿಯ ಮೇಲೆ ಹರವಿದ ಕೂಸಿನ ಅರಿವೆ ಏಕೆ ಒಣಗುತ್ತಿರಲಿಲ್ಲವೆಂದು ಈಗ ತಿಳಿಯಿತು. "ಇದ್ದಿಲೇ ಹಸಿ ಐತಿ, ಅಂಗಡಿಯಾಂವ ಮೋಸ ಮಾಡ್ಯಾನ" ಎಂದು ನಿನ್ನೆಯೆಲ್ಲ ಕೂಗಾಡಿದೆಯಲ್ಲ, ತಪ್ಪು ಅವನದಲ್ಲ. ಕೆಂಡ ನಿಲ್ಲುವ ಜಾಳಿಗೆಗೆ ಬೂದಿ ಕಟ್ಟಿ ಕೆಳಗಿನಿಂದ ಗಾಳಿಯೇ ಆಡುತ್ತಿರಲಿಲ್ಲ. ಅದರ ಮೇಲೆ ನೀನು ಇನ್ನಷ್ಟು ಇದ್ದಿಲು ಸುರಿದು ಇದ್ದ ಕೆಂಡವನ್ನೂ ಆರಿಸಿದೆ. ಬೂದಿಯನ್ನು ದಿನಾ ಬೆಳಿಗ್ಗೆ ತೆಗೆ. ಅರಿವೆ ಒಂದೇ ಪದರ ಹರವು. ಶೇಗಡಿ ಪಡಸಾಲೆಯಲ್ಲೇ ಇರಲಿ. ಮುಚ್ಚಿದ ಕೋಣೆಯಲ್ಲಿ ಅದು ಉಸಿರು ಕಟ್ಟಿಸುತ್ತದೆ.

ನಿನ್ನೆ ಸಂಜೆ ಒಣ ಅರಿವೆ ಒಂದೂ ಇಲ್ಲದೆ ಕೂಸು ನಡುಗುವಾಗ, ಯಾರಿಗೂ ಮುಟ್ಟಗೊಡದ ನಿನ್ನ ಮದುವೆಯ ರುಮಾಲನ್ನು ನೀನೇ ಪರ್ರನೆ ಹರಿದು ಕೊಟ್ಟೆ. ಕೊಟ್ಟವನು ಹೊರಗೆ ಹೋಗಿ ನಿಂತುಬಿಟ್ಟೆ. ಒಳಗೆ ನಿನ್ನ ಹೆಂಡತಿ ಮಂಜವ್ವ ಅತ್ತಳು, ಪಾಪ, ಬಾಣಂತನ ಮಾಡಲು ತಾಯಿಯಿಲ್ಲದವಳು.

"ಅಕ್ಕಾರ, ಇವರು ಒಮ್ಮೆನೂ ಕೂಸಿನ್ನ ಎತ್ಕೊಂಡಿಲ್ರಿ. ಹೆಣ್ಣು ಅಂತ ಬ್ಯಾಸರ ಇರಬೇಕು ಅಂದ್ಕೊಂಡಿದ್ದೆ" ಎಂದಳು.

"ಬ್ಯಾಸರ ಅಲ್ಲವ್ವಾ, ಅಂಜಿಕಿ. ಆಕಳ ಕರು ಹಾಕಿದಾಗೂ ಇವ ಹಿಂಗ ದೂರ ನಿಲ್ತಿದ್ದ" ಎಂದೆ.

ನನ್ನ ಮಾತು ಸುಳ್ಳು ಮಾಡಬೇಡ, ಮಾರಾಯ. ಇವತ್ತು ಬೆಚ್ಚಗಿನ ಅರಿವೆಯನ್ನು ಮಂಜವ್ವನ ಕೈಗಿಟ್ಟು ಓಡದೆ ನೀನೇ ಕೂಸಿಗೆ ಸುತ್ತು. ಕುತ್ತಿಗೆಯ ಕೆಳಗೆ ಅಂಗೈ ಇಟ್ಟರೆ ಸಾಕು, ಜಾರುವುದಿಲ್ಲ. ನಿನ್ನನ್ನು ನಾನು ಹಾಗೆಯೇ ಎತ್ತಿ ಆಡಿಸಿದ್ದು.

ಅಕ್ಕ ಅಡಿವೆವ್ವ