ಸಿಹಿನೀರಿನ ಬಾವಿ

೧೮ ಜನವರಿ ೧೯೫೬, ಗದಗ

ಇವತ್ತೂ ಬ್ಯಾಳಿ ಬೇಯಲಿಲ್ಲ. ಅವ್ವ ಒಲಿ ಮುಂದ ಕೂತು ಸುಮಿತ್ರಾಗ ಬೈದಳು. ತಪ್ಪು ಅವಳದಲ್ಲ. ನಮ್ಮ ಓಣಿ ಬಾವಿ ನೀರಿಂದು — ಸುಣ್ಣದ ಅಂಶ ಭಾಳ. ಒಂದು ಚಿಟಿಕಿ ಸೋಡಾ ಹಾಕು ಅಂದೆ. ಬೆಂತು. ಅವ್ವ — "ಮಾಸ್ತರಕಿ ಇಷ್ಟಕ್ಕರ ಉಪಯೋಗ ಆತಲ್ಲ!"

ಸುಮಿತ್ರಾ ಸೆರಗು ಬಾಯಿಗೆ ಹಿಡಕೊಂಡ ಹೇಳಿದಳು. "ನಮ್ಮ ಮಡ್ಡಿಹಾಳದ ನೀರಿಗೆ ಸೋಡಾ ಬ್ಯಾಡ್ರಿ. ಒಂದ ಕುದಿಗೆ ಬ್ಯಾಳಿ ಬೆಣ್ಣಿ ಆಗತೈತಿ." ಆ ಬಾವಿ ಅವಳ ಅಜ್ಜ ತೋಡಿದ್ದಂತೆ. ಮುಂಡರಗಿ ಕಡೆ ಅದರಷ್ಟು ಸಿಹಿ ನೀರು ಇಲ್ಲಂತೆ. ತವರಿನ ಮಾತು ಬಂದರಷ್ಟ ಇಷ್ಟುದ್ದ ಮಾತಾಡತಾಳ.

ಮದುವಿ ಆಗಿ ವರ್ಷ ಆಗತ ಬಂತು. ಅವಳು ನಕ್ಕದ್ದು ನೋಡಿಲ್ಲ. ಯಾವಾಗಲೂ ಸೆರಗು ಬಾಯಿಗೆ. ನಾ ಮನಸ್ಸಿಗೆ ಬಂದಿಲ್ಲೋ ಏನೋ... ಕೇಳಾಕ ಧೈರ್ಯ ಇಲ್ಲ.

೩೦ ಜನವರಿ, ಮುಂಜಾನೆ

ಹಿತ್ತಲಕ್ಕ ಹೋದೆ. ಸುಮಿತ್ರಾ ಕಲ್ಲಿನ ಮ್ಯಾಲೆ ಕೂತು ಹಲ್ಲು ತಿಕ್ಕಾಕತ್ತಿದ್ದಳು. ಇಟ್ಟಂಗಿ ಪುಡಿ. ಉಗುಳಿದ್ದೆಲ್ಲ ರಕ್ತ.

"ಒಳಗ ಹೋಗ್ರಿ" ಅಂದಳು, ಮಾರಿ ತಿರುವಿ, ಸೆರಗು ಬಾಯಿಗೆ ಹಿಡದು. ಹೋಗಲಿಲ್ಲ. ಅಲ್ಲೇ ಕೂತೆ. ಭಾಳ ಹೊತ್ತಿನ ಮ್ಯಾಲೆ ಸೆರಗು ತಗದಳು.

ಮುಂದಿನ ಹಲ್ಲೆಲ್ಲ ಕಂದು. ಕಾವಿ ಬಳಿದಂಗ. ನಡುವ ಸಣ್ಣ ಸಣ್ಣ ಕುಳಿ.

"ನಿಮ್ಮಕಿಂತ ಮೊದಲ ಕನ್ಯಾ ನೋಡಾಕ ಬಂದವರು ಹಲ್ಲು ಕಂಡು ಎದ್ದು ಹೋದ್ರು. ನೀವು ಬಂದಾಗ ಬಾಯಿ ಮುಚ್ಚಿಕೊಂಡ ಕೂತೆ. ಅತ್ತಿ ತಂಬಾಕ ಅಂತ ತಿಳಕೊಂಡಾರ. ನಾ ತಂಬಾಕ ಮುಟ್ಟಿಲ್ರಿ. ನಮ್ಮೂರಾಗ ಎಲ್ಲಾರ್ವೂ ಹಿಂಗ ಅದಾವ. ಏನು ಪಾಪಾನೋ."

ತಂಬಿಗಿ ತಗೊಂಡು ಅವಳ ಬಾಯಿ ತೊಳಿಸಿದೆ. ಇಟ್ಟಂಗಿ ಪುಡಿ ಒಯ್ದು ತಿಪ್ಪಿಗೆ ಚೆಲ್ಲಿದೆ. ಇಷ್ಟು ದಿನ ನಾ ಏನು ಅಂದುಕೊಂಡಿದ್ದೆ! ದಡ್ಡ.

ಶಾಲಿಗೆ ಹೊತ್ತಾತು.

೭ ಫೆಬ್ರವರಿ

ಎಲ್ಲಾರ್ವೂ ಹಿಂಗ ಅದಾವ — ಈ ಮಾತು ತಲಿಯಿಂದ ಹೋಗವಲ್ದು. ಒಂದು ಊರಿನ ಎಲ್ಲಾರೂ ಹೊಲಸು ಇರತಾರೇನು?

ಜಯತೀರ್ಥನ್ನ ಕೇಳಿದೆ. ನಮ್ಮ ಹೈಸ್ಕೂಲಿನ ಕೆಮಿಸ್ಟ್ರಿ ಮಾಸ್ತರ. ಈಗ ಅವನ ಬಾಯಾಗ ಏಕೀಕರಣ ಬಿಟ್ಟರ ಬ್ಯಾರೆ ಮಾತಿಲ್ಲ. ಆದ್ರೂ ಪೇಪರ್ ಮಡಚಿಟ್ಟು ಕೇಳಿದ.

"ಊರಿಗೆಲ್ಲಾ ಒಂದೇ ಬಾವಿ ಏನೋ?"

"ಹೌದು."

"ನೆಲ್ಲೂರ ಕಡೆ ಹಿಂಗ ಅದ ಅಂತ ಓದೀನಿ. ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಇಳೀತದ. ಬಣ್ಣ ಇಲ್ಲ, ವಾಸನಿ ಇಲ್ಲ. ನೀರು ಬಾಟಲಿಯೊಳಗ ತಗೊಂಡ ಬಾ. ಧಾರವಾಡದಾಗ ನನ್ನ ಪ್ರೊಫೆಸರ್ ಇದ್ದಾರ, ಟೆಸ್ಟ್ ಮಾಡಿಸೋಣ."

೧೧ ಮಾರ್ಚ್, ಮಡ್ಡಿಹಾಳ

ಶಿವರಾತ್ರಿ ರಜಾ. ಸುಮಿತ್ರಾನ ಕರಕೊಂಡು ಬಂದೀನಿ.

ಮಾವ ಅಂದಪ್ಪ ಊರ ಅಗಸಿ ಬಾಗಲದಾಗ ನಿಂತಿದ್ದರು. ಹಿಂದಿನಿಂದ ಕರದ್ರ ಕುತ್ತಿಗಿ ಹೊರಳೂದಿಲ್ಲ, ಇಡೀ ಮೈ ತಿರುಗಿಸಬೇಕು. ಬೆನ್ನು ಬಗ್ಗೂದಿಲ್ಲ. ವಯಸ್ಸು ಅರವತ್ತೂ ಆಗಿಲ್ಲ. ಮೊದಲೂ ನೋಡಿದ್ದೆ. ವಾತ ಅಂದಿದ್ದರು, ನಂಬಿದ್ದೆ.

ಸುಮಿತ್ರಾನ ಅಣ್ಣನ ಮಗಳು ಗದಿಗಿ, ಮೂರು ವರ್ಷದಾಕಿ. ಬಂದವಳ ನನ್ನ ತೊಡಿ ಏರಿದಳು. ನಕ್ಕರ ಹಾಲು ಹಲ್ಲು ಬೆಳ್ಳಗ, ಜ್ವಾಳದ ಹಾಲುಗಾಳಿನಂಗ. ಅಜ್ಜ ಎತ್ತಿಕೋ ಅಂತ ಕೈ ಚಾಚಿದಳು. ಮಾವಗ ಬಗ್ಗಾಕ ಆಗಲಿಲ್ಲ. ಕಟ್ಟಿ ಮ್ಯಾಲೆ ನಿಲ್ಲಿಸ್ರಿ ಅಂದರು, ಆಮ್ಯಾಲೆ ಅಪ್ಪಿಕೊಂಡರು.

ಬಾವಿ ನೀರು ಒಂದು ಬಾಟಲಿ. ಕೆರಿ ನೀರು ಒಂದು — ಕೆರಿ ಅಂದ್ರ ಹೂಳು ತುಂಬಿದ ತಗ್ಗು ಈಗ. ಮಾವ ನೋಡಿ ಖುಷಿಯಾದರು. "ನಮ್ಮ ನೀರು ಗದಗಕ್ಕ ಹೊಂಟೈತಿ! ಶಾಣ್ಯಾರ ಇದ್ದೀರಿ, ಅಳಿಯಂದಿರ." ಬಾವಿ ಕಲ್ಲು ಸವರಿದರು. ಬರಗಾಲದಾಗ ಅವರಪ್ಪ ತೋಡಿದ್ದು. ಸುತ್ತಲಿನ ಊರವರೂ ಇದನ್ನ ಕುಡಿದು ಬದುಕಿದ್ದು.

ಯಾಕ ಒಯ್ಯಾಕತ್ತೀನಿ ಹೇಳಲಿಲ್ಲ. ಊಟ ಸೇರಲಿಲ್ಲ.

೨೪ ಮಾರ್ಚ್, ಧಾರವಾಡ

ಪ್ರೊಫೆಸರ್ ಕೆಂಪು ದ್ರಾವಣ ತಗದರು — ಫ್ಲೋರೈಡ್ ಇದ್ದರ ಹಳದಿ ಆಗತೈತಂತ. ದಾಸಾಳ ಹೂವಿನ ಬಣ್ಣ. ನಮ್ಮ ಓಣಿ ನೀರು ಹಾಕಿದರು — ಕೆಂಪು ಹಂಗ ಉಳೀತು. ಕೆರಿ ನೀರು — ಕೆಂಪು. ಮಡ್ಡಿಹಾಳದ ಬಾವಿ ನೀರು ಹಾಕಿದರು. ನೋಡನೋಡತ ಕೆಂಪು ಕರಗಿ ಹಳದಿ.

ಜಯತೀರ್ಥ ನನ್ನ ಭುಜ ಹಿಡಿದ. "ನೋಡೋ ಚನ್ನಬಸವಾ! ಅದ!"

ಒಂದು ಕ್ಷಣ ನನಗೂ ಖುಷಿ. ಮರುಕ್ಷಣ ಬಾವಿ ಕಣ್ಣ ಮುಂದ ಬಂತು. ಮಾವ ಸವರಿದ ಕಲ್ಲು.

ಪ್ರೊಫೆಸರ್ ಬಿಡಿಸಿ ಹೇಳಿದರು. ಹಲ್ಲು ಒಸಡಿನೊಳಗ ತಯಾರಾಗೂ ವಯಸ್ಸಿನಾಗ ಈ ನೀರು ಕುಡಿದ್ರ ಕಲಿ ಬೀಳತೈತಿ, ಆಮ್ಯಾಲೆ ಹೋಗೂದಿಲ್ಲ. ಮುಂದ ಕುಡೀತ ಹೋದ್ರ ಎಲುಬಿಗೂ. ಕುದಿಸಿದರೂ ಹೋಗೂದಿಲ್ಲ. ಒಂದೇ ದಾರಿ — ಬ್ಯಾರೆ ನೀರು.

ಗದಿಗಿಯ ಹೊಸ ಹಲ್ಲು ಇನ್ನೂ ಒಸಡಿನೊಳಗ ಅದಾವ. ಹೊತ್ತು ಮೀರಿಲ್ಲ.

೨೫ ಮಾರ್ಚ್, ಗದಗ

ಸುಮಿತ್ರಾಗ ಎಲ್ಲಾ ಹೇಳಿದೆ. ಹಸನು ಮಾಡಾಕತ್ತಿದ್ದ ಅಕ್ಕಿ ಮೊರ ಹಂಗ ಕೈಯಾಗ ಉಳೀತು.

"ಅಂದ್ರ ಇದು ಪಾಪ ಅಲ್ಲ?"

"ನೀರು. ಬರೇ ನೀರು."

"ನಮಗ ಹುಟ್ಟೂ ಕೂಸಿಗೆ ಬರತೈತೇನ್ರಿ?"

"ಇಲ್ಲ. ಇಲ್ಲೀ ನೀರಿಗೆ ಆ ದೋಷ ಇಲ್ಲ. ಬ್ಯಾಳಿ ಬೇಯೂದಿಲ್ಲ, ಅಷ್ಟ."

ನಕ್ಕಳು. ಸೆರಗು ಕೈಯಾಗ ಇರಲಿಲ್ಲ, ಮೊರ ಇತ್ತು. ಪೂರ್ತಿ ನಗಿ. ಅವ್ವ ಅಡಗಿಮನಿಯಿಂದ ಬಂದು ಏನಾತು ಅಂತ ಕೇಳಿದಳು. ಹೇಳಿದೆ. ಅವ್ವ ಸೊಸಿ ಗಲ್ಲ ಮುಟ್ಟಿ — "ನಾ ತಂಬಾಕ ಅಂದಿದ್ದೆ ನೋಡವಾ" ಅಂದು ಒಳಗ ಹೋದಳು.

೮ ಏಪ್ರಿಲ್, ಮಡ್ಡಿಹಾಳ

ಆಗಬಾರದ್ದು ಆತು.

ಕೆಂಪು ದ್ರಾವಣ ತಂದಿದ್ದೆ. ಪಡಸಾಲಿಯಾಗ ಮಾವನ ಮುಂದ ಎರಡು ಗ್ಲಾಸಿನಾಗ ಮಾಡಿ ತೋರಿಸಿದೆ. ಬಾವಿ ನೀರಿಂದು ಹಳದಿ ಆತು. ಮಾವ ನೋಡಿದರು, ನನ್ನ ನೋಡಿದರು.

"ಬಣ್ಣದ ಆಟ. ಜಾತ್ರ್ಯಾಗೂ ತೋರಸ್ತಾರ. ನಮ್ಮಪ್ಪ ಊರಿಗೆ ವಿಷ ಕುಡಿಸಿದ ಅಂತೀರೇನು?"

"ಹಂಗಲ್ರಿ ಮಾವ, ಅವರಿಗೆ ಗೊತ್ತಿರಲಿಲ್ಲ..."

"ಆ ಬಾವಿ ಇಲ್ಲಂದ್ರ ಈ ಊರ ಇರತಿರಲಿಲ್ಲ!"

ಖರೆ ಮಾತು. ಗ್ಲಾಸು ಎತ್ತಿಡಾಕ ಹೋದೆ. ಆಗ ಸುಮಿತ್ರಾ ಗದಿಗಿನ ಬಗಲಾಗ ಇಟ್ಟುಕೊಂಡು ಬಂದಳು. ಅಪ್ಪನ ಎದುರು ಕೂತಳು.

"ಅಪ್ಪಾ, ನಾ ದೊಡ್ಡಾಕಿ ಆದಮ್ಯಾಲೆ ನಕ್ಕದ್ದು ನೋಡೀಯೇನು?"

"ಈಗ್ಯಾಕ ಆ ಮಾತು? ನೀ ಮೊದಲಿಂದ ನಾಚಿಕಿ ಹುಡುಗಿ."

"ನಾಚಿಕಿ ಅಲ್ಲಪಾ." ಬಾಯಿ ತೆರೆದು ತೋರಿಸಿದಳು. "ನಿನ್ನ ಬೆನ್ನು ಬಗ್ಗೂದಿಲ್ಲ. ನನ್ನ ಬಾಯಿ ತೆರೆಯೂದಿಲ್ಲ. ಅಜ್ಜ ನಮ್ಮ ಜೀವ ಉಳಿಸಿದ, ಇಲ್ಲನ್ನೂದಿಲ್ಲ. ಈ ಕೂಸಿಗೆ ನೀ ಏನ ಕೊಡತೀ ಹೇಳು."

ಮಾವ ಗೋಡಿ ಹಿಡಕೊಂಡು ಎದ್ದರು. ಹೊರಗ ಹೋದರು. ನಾವು ಹೊಂಡೂತನಾ ಬರಲಿಲ್ಲ. ಸುಮಿತ್ರಾ ಚಕ್ಕಡಿಯಾಗ ಮುಂಡರಗಿ ಮುಟ್ಟೂತನಾ ಹಿಂದಕ್ಕ ನೋಡಾಕತ್ತಿದ್ದಳು.

೨೦ ಮೇ

ಮಡ್ಡಿಹಾಳದ ಖಬರ ಇಲ್ಲ.

ನಾ ಹೋಗಿ ಕಾಲು ಹಿಡೀಲೇನು ಅಂದೆ. ಸುಮಿತ್ರಾ ಬ್ಯಾಡ ಅಂದಳು. "ನಮ್ಮಪ್ಪಗ ಹೊತ್ತು ಬೇಕು." ಹೇಳಿದವಳ ತಾನು ಸರಿಯಾಗಿ ಉಣ್ಣೂದಿಲ್ಲ. ಅವ್ವ ತಟ್ಟಿ ಮುಂದ ಕೂತು ಉಣಿಸತಾಳ.

೩ ಜೂನ್

ಮಕ್ತುಮಸಾಬ ಬಂದಿದ್ದ. ಮಡ್ಡಿಹಾಳದ ಚಕ್ಕಡಿಯವ, ಗದಗಿನ ಸಂತಿಗೆ ಶೇಂಗಾ ತಂದಿದ್ದ. ಬಾಗಲದಾಗ ನಿಂತ ಹೇಳಿದ —

"ನಿಮ್ಮ ಮಾವ ಕೆರಿ ಹೂಳು ತಗಸಾಕತ್ತಾರ್ರಿ! ಊರ ಮಂದಿ ಜಗಳಕ್ಕ ಬಂದ್ರು, ಇಂಥಾ ಬಾವಿ ಇದ್ದು ಕೆರಿ ಯಾಕ ಅಂತ. 'ಬಾವಿ ನಮ್ಮಪ್ಪಂದು, ನಾ ಹೇಳತೀನಿ — ದನಕ್ಕ, ಅರಿವಿ ಒಗ್ಯಾಕ. ಕುಡ್ಯಾಕ ಅಲ್ಲ' ಅಂದ್ರು. ಜಗಳ ಅಲ್ಲಿಗೆ ಮುಗೀತು. ದಿನಾ ಒಡ್ಡಿನ ಮ್ಯಾಲೆ ಛತ್ರಿ ಹಿಡಕೊಂಡು ನಿಂತಿರತಾರ. ಬಗ್ಗಾಕ ಬರೂದಿಲ್ಲ, ಬೈಯಾಕ ಚಲೋ ಬರತೈತಿ."

ಸುಮಿತ್ರಾ ಅವನಿಗೆ ಎರಡ ಸಲ ಚಾ ಕೊಟ್ಟಳು. ಒಳಗ ಹೋಗಿ ಅತ್ತಳು.

೧೬ ಸೆಪ್ಟೆಂಬರ್

ಮಳಿ ಚಲೋ ಆಗೇತಿ. ಮಡ್ಡಿಹಾಳದ ಕೆರಿ ತುಂಬೇತಂತ. ಸುಮಿತ್ರಾಗ ಐದು ತಿಂಗಳು. ಹುಣಸಿಹಣ್ಣು ಕಂಡರ ಬಿಡೂದಿಲ್ಲ. ಅವ್ವ ಡಬ್ಬಿ ಬಚ್ಚಿಡತಾಳ, ಇವಳು ಹುಡುಕತಾಳ.

೧ ನವೆಂಬರ್

ಇವತ್ತಿನಿಂದ ನಾವು ಮುಂಬಯಿ ರಾಜ್ಯದವರಲ್ಲ. ಗದಗಿನ ತುಂಬ ಮೆರವಣಿಗಿ, ಗುಲಾಲು. ಜಯತೀರ್ಥ ಒದರಿ ಒದರಿ ಗಂಟಲು ಕಟ್ಟಿಸಿಕೊಂಡಾನ. ನನ್ನನ್ನ ಅಪ್ಪಿಕೊಂಡು ಅತ್ತುಬಿಟ್ಟ. ನನಗೂ ಕಣ್ಣು ತುಂಬಿದ್ದು ಖರೆ.

ಮಧ್ಯಾಹ್ನ ಮಾವನ ಕಡೆಯಿಂದ ಮಾತು ಬಂತು — ದೀಪಾವಳಿಗೆ ಬರಬೇಕಂತ. ಸಂಜಿ ಬಸ್ಸಿಗೆ ಹೊಂಡತೀವಿ.

೨ ನವೆಂಬರ್, ಮಡ್ಡಿಹಾಳ

ಮುಂಜಾನೆ ಸುಮಿತ್ರಾ ಹೆಣ್ಣಮಕ್ಕಳನ್ನ ಕೂಡಿಸಿಕೊಂಡು ಕೂತಿದ್ದಳು. ಕೆರಿ ನೀರಿನ ಕೊಡದಾಗ ಪಟಿಕದ ಹಳ್ಳು ಹೆಂಗ ತಿರುವಬೇಕು, ರಾಡಿ ಹೆಂಗ ತಳಕ್ಕ ಕೂಡತೈತಿ, ಸೋಸಿ ಕುದಿಸೂದು ಯಾಕ... ನಾ ಹೇಳಿದ್ದರ ಇಷ್ಟು ಸಲೀಸು ಆಗತಿರಲಿಲ್ಲ. ನಡನಡುವ ಎಲ್ಲಾರೂ ನಗಾಕತ್ತಿದ್ದರು.

ಮಾವ ಕಾಣಲಿಲ್ಲ. ಹುಡುಕಿದೆ. ಬಾವಿ ಹಂತ್ಯಾಕ ಒಬ್ಬರ ಕೂತಿದ್ದರು. ಯಾರೋ ದನಕ್ಕ ನೀರು ಸೇದಿ ಹೋಗಿದ್ದರು, ಕಲ್ಲು ಹಸಿ ಇತ್ತು. ತಪ್ಪಾತ್ರಿ ಅನ್ನಬೇಕಂತ ಮಾಡಿದೆ. ಅವರೇ ಮೊದಲ ಬಾಯಿ ತೆರೆದರು.

"ಇದನ್ನ ತೋಡುವಾಗ ನಾ ಸಣ್ಣಾಂವ. ಅರ್ಧಕ್ಕ ಕಲ್ಲಬಂಡಿ ಹತ್ತಿತು. ಎಲ್ಲಾರೂ ಬಿಟ್ಟು ಹೋದ್ರು. ಅಪ್ಪ ಒಬ್ಬನ ಕಬ್ಬಿಣದ ಹಾರಿ ಹಿಡಕೊಂಡು... ಯಾರ ಮುಂದೂ ಹೇಳಿಲ್ಲ ಇದನ್ನ. ಎಲ್ಲಾರೂ ನೀರು ಕುಡಿದ್ರು, ಹೆಂಗ ತೋಡಿದ ಅಂತ ಯಾರೂ ಕೇಳಲಿಲ್ಲ."

"ನಾ ಕೇಳತೀನ್ರಿ" ಅಂದೆ.

ಅಷ್ಟರಾಗ ಊಟಕ್ಕ ಕರದರು. ಮಾತು ಅಲ್ಲೇ ನಿಂತಿತು.

ಈಗ ಪಡಸಾಲಿಯಾಗ ಬರಿಯಾಕತ್ತೀನಿ. ಮಾವ ಬಂದರು. ಇಡೀ ಮೈ ತಿರುಗಿಸಿ, ಕಂಬ ಹಿಡಕೊಂಡು, ನನ್ನ ಮಗ್ಗಲಿಗೇ ಕೂತರು. ಬರಿಯೂದು ನೋಡಿ ಕಾಯಾಕತ್ತಾರ. ಪೆನ್ನು ಇಡಬೇಕು, ಅವರು ಆಗಲೇ — "ನೀರು ಬಂದ ದಿನ ಅಪ್ಪ ಕೆಳಗಿಂದ ನನ್ನ ಹೆಸರು ಹಿಡದ ಕರದ" ಅನ್ನಾಕತ್ತಾರ. ನಾ ಕೇಳಬೇಕು.